ಗೋಡೆಯೊಳಗಿನ ಹುಲ್ಲು

ಗೋಡೆಯ ಬುಡದಲ್ಲಿ ಕೆಂಪು ನೀರು ಕಾಣಿಸಿಕೊಂಡಾಗ ಏಜಾಜ್ ಅಹಮದ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಬೆಳಗ್ಗೆಯಿಂದ ಈ ಗೋಡೆ ಎಂತೆಂಥ ಬಣ್ಣ ಇಳಿಸಿರಲಿಲ್ಲ! ಮೊದಲು ಮಸಿಯಂಥ ಕಪ್ಪು, ಆಮೇಲೆ ಪಾಚಿಯ ಹಸಿರು, ಆಮೇಲೆ ಯಾವುದೋ ಕಾಲದ ಚುನಾವಣೆಯಲ್ಲಿ ಯಾರೋ ಬಳಿದುಹೋಗಿದ್ದ ನೀಲಿ. ಈಗ ಕೆಂಪು. ಬರಲಿ ಬಿಡು ಎಂದುಕೊಂಡು ಕೈಯಲ್ಲಿದ್ದ ನೀರಿನ ಗನ್ನನ್ನು ಇನ್ನೊಮ್ಮೆ ಒತ್ತಿದ. ನೀರು ಭರ್ರೆಂದು ಗೋಡೆಗೆ ಅಪ್ಪಳಿಸಿತು. ಆದರೆ ಆ ಕೆಂಪು ನೀರು ಮೇಲಿನಿಂದ ಇಳಿದು ಬರುತ್ತಿರಲಿಲ್ಲ. ಸಿಮೆಂಟ್ ಗಾರೆ ನೆಲ ಮುಟ್ಟುವ ಕಡೆಯಲ್ಲಿ, ಒಳಗಿನಿಂದ ಜಿನುಗುತ್ತಿತ್ತು. ಅದರ ಜೊತೆ ಸಣ್ಣದೇನೋ ತೇಲಿ ಬಂದು ಅವನ ರಬ್ಬರ್ ಬೂಟಿಗೆ ತಾಗಿ ನಿಂತಿತು. ಬಗ್ಗಿ ಎತ್ತಿಕೊಂಡ. ರಾಗಿಹುಲ್ಲಿನ ಒಂದು ಚೂರು.

ಸಿಮೆಂಟ್ ಗೋಡೆಯ ಒಳಗೆ ಹುಲ್ಲಿಗೇನು ಕೆಲಸ?

ಕೇಳಿಕೊಂಡ ಕೂಡಲೇ ಉತ್ತರವೂ ಹೊಳೆಯಿತು. ಹುಲ್ಲು ಕೊಚ್ಚಿ ಹಾಕಿ, ನೀರು ಬಿಟ್ಟು, ಕಾಲಿನಿಂದ ತುಳಿದು ಹದ ಮಾಡಿದ ಮಣ್ಣಿನ ಗೋಡೆ ಇದು. ಮೇಲೆ ಸಿಮೆಂಟಿನ ಅಂಗಿ ತೊಡಿಸಿದ್ದಾರೆ, ಅಷ್ಟೇ. ಬೆಳಗ್ಗೆಯಿಂದ ಅವನು ಲಾರಿಯ ಅಡಿಭಾಗ ತೊಳೆಯುವ ರಭಸದಲ್ಲಿ ನೀರು ಹೊಡೆಯುತ್ತ ಬಂದಿದ್ದು ಹಸಿ ಮಣ್ಣಿಗೆ.

ಏಜಾಜನದು ಗುಬ್ಬಿಯ ಬಿ.ಎಚ್. ರಸ್ತೆಯಲ್ಲಿ ವಾಟರ್ ಸರ್ವಿಸ್ ಅಂಗಡಿ. ಸ್ಕೂಟರಿನಿಂದ ಹಿಡಿದು ಟ್ರ್ಯಾಕ್ಟರಿನವರೆಗೆ ಎಲ್ಲಕ್ಕೂ ಅವನಲ್ಲಿ ಸ್ನಾನವಾಗುತ್ತಿತ್ತು. ಮನೆಗೆ ಮಾತ್ರ ಅವನು ಯಾವತ್ತೂ ನೀರು ಹೊಡೆದವನಲ್ಲ. ನಿನ್ನೆ ಸಾಯಂಕಾಲ ಭೀಮರಾಜ್ ತನ್ನ ಮೊಪೆಡ್ ತೊಳೆಸಲು ಬಂದಿದ್ದ. ಅವನು ಕ್ಯಾತ್ಸಂದ್ರದ ಕಾಲೇಜೊಂದರಲ್ಲಿ ಅಟೆಂಡರು. ಮುಂದೆ ನಿಂತಿದ್ದ ಬೆಳ್ಳಾವಿಯ ಟ್ರ್ಯಾಕ್ಟರೊಂದರ ಮೇಲೆ ವರ್ಷಗಟ್ಟಲೆ ಒಣಗಿ ಕೂತಿದ್ದ ಕೆಸರು ಏಜಾಜನ ಗನ್ನಿಗೆ ಸಿಕ್ಕಿ ಚಕ್ಕೆ ಚಕ್ಕೆಯಾಗಿ ಹಾರುವುದನ್ನು ಬಾಯಿ ಬಿಟ್ಟುಕೊಂಡು ನೋಡಿದ.

"ಏಜಾಜಣ್ಣ, ಇದ್ನ ಮನೆ ಗೋಡೆಗೆ ಹೊಡುದ್ರೆ ಹೆಂಗೆ?" ಅಂದ. "ಇನ್ ಮೂರ್ ದಿನಕ್ಕೆ ತಂಗಿ ಮಗೂನ ತೊಟ್ಲಿಗೆ ಹಾಕೋ ಶಾಸ್ತ್ರ. ಕುಣಿಗಲ್ಲಿಂದ ಅವ್ಳ ಗಂಡನ ಮನೆಯೋರೆಲ್ಲ ಬತ್ತಾರೆ. ಗೋಡೆ ನೋಡುದ್ರೆ ಪಾಚಿ ಕಟ್ಕಂಡು ಎಮ್ಮೆ ಬೆನ್ನಿದ್ದಂಗೈತೆ. ಸುಣ್ಣ ಬಳ್ಸಾಣ ಅಂದ್ರೆ ಪಾಚಿ ಮೇಲೆ ಹಿಡಿಯಲ್ಲ."

"ಅಷ್ಟೇ ತಾನೆ? ಬಿಡಿ ಭೀಮಣ್ಣ, ಮಧ್ಯಾಹ್ನದೊಳಗೆ ಹೊಸ ಮನೆ ಮಾಡಿಕೊಡ್ತೀನಿ" ಎಂದಿದ್ದ ಏಜಾಜ್. ಎಷ್ಟು ಸಲೀಸಾಗಿ ಬಂದಿತ್ತು ಆ ಮಾತು ಬಾಯಿಂದ!

ಹಾಗೆಂದು ಅವನು ಅಡ್ಡಾದಿಡ್ಡಿ ಕೆಲಸದವನೂ ಅಲ್ಲ. ಕರೆಂಟನ್ನು ನಂಬುವಂತಿಲ್ಲ ಎಂದು ಪಂಪಿಗೆ ಸೀಮೆಎಣ್ಣೆ ಎಂಜಿನ್ ಕೂರಿಸಿದ ಗಾಡಿಯನ್ನೇ ತಳ್ಳಿಕೊಂಡು ಬಂದಿದ್ದ. ಬಂದವನೇ ಮೊದಲು ಮನೆಯ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡ. ಮೀಟರ್ ಬೋರ್ಡಿಗೆ ಗೊಬ್ಬರದ ಪ್ಲಾಸ್ಟಿಕ್ ಚೀಲ ಸುತ್ತಿ ದಾರ ಬಿಗಿದ. ಬೀದಿಯಲ್ಲಿ ಆಡುತ್ತಿದ್ದ ಮಕ್ಕಳನ್ನು ಗದರಿಸಿ ಆಚೆ ಕಳಿಸಿದ, ಕೋಳಿಗಳನ್ನು ಓಡಿಸಿದ. "ಈ ನೀರು ಕಾಲಿಗೆ ತಾಕಿದ್ರೆ ಚರ್ಮ ಸುಲಿದು ಹೋಗುತ್ತೆ ಅಮ್ಮ, ಹತ್ರ ಬರಬೇಡಿ" ಎಂದು ಭೀಮರಾಜನ ತಾಯಿ ಗಿರಿಯಮ್ಮನಿಗೆ ಹೇಳಿದ. ಎಲ್ಲ ಕೇಳಿದ, ಎಲ್ಲ ನೋಡಿದ. ಗೋಡೆ ಯಾತರದ್ದು ಎಂದು ಮಾತ್ರ ಕೇಳಲಿಲ್ಲ. ಬೆರಳಿನ ಗೆಣ್ಣಿನಿಂದ ಒಂದು ಸಲ ತಟ್ಟಿದ್ದ. ಸಿಮೆಂಟು ಗಟ್ಟಿ ಸದ್ದು ಕೊಟ್ಟಿತ್ತು. ಅಷ್ಟು ಸಾಕಾಯಿತು ಅವನಿಗೆ.

ಗಾರೆಯಲ್ಲಿ ಸೂರಿನಿಂದ ಕಿಟಕಿಯವರೆಗೆ ಉದ್ದಕ್ಕೆ ಒಂದು ಬಿರುಕಿತ್ತು, ಅದರ ತುಂಬ ಪಾಚಿ ತುಂಬಿಕೊಂಡಿತ್ತು. ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಸಂದಿಗೆ ಹಿಡಿದ ಹಾಗೆ ಗನ್ನಿನ ಮೂತಿಯನ್ನು ಆ ಬಿರುಕಿಗೇ ಇಟ್ಟು, ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ನಿಧಾನವಾಗಿ ಓಡಿಸಿದ್ದ. ಪಾಚಿ ಪೂರಾ ಹೋಯಿತು. ಎಂಥ ಚೊಕ್ಕಟದ ಕೆಲಸ ಎಂದು ಹಿಂದೆ ಸರಿದು ನಿಂತು ತಾನೇ ಮೆಚ್ಚಿಕೊಂಡಿದ್ದ. ಆ ಬಿರುಕು ಬೆಳಗ್ಗೆಯಿಂದ ಎಷ್ಟು ನೀರು ಕುಡಿದಿದೆಯೋ!

ಓಡಿಹೋಗಿ ಎಂಜಿನ್ ನಿಲ್ಲಿಸಿದ. ಬೀದಿ ಒಮ್ಮೆಲೇ ಮೌನವಾಯಿತು. ಆ ಮೌನದಲ್ಲಿ ಗೋಡೆಯೊಳಗಿಂದ ಚಿಟ್, ಚಿಟ್ ಎಂದು ಸಣ್ಣ ಸದ್ದು ಬರುತ್ತಿರುವುದು ಕೇಳಿಸಿತು. ಅಂಗೈ ಊರಿದ. ಗಾರೆ ಒಳಗಿನ ಮಣ್ಣಿನಿಂದ ಬಿಟ್ಟುಕೊಂಡು ಅಪ್ಪಳದ ಹಾಗೆ ಆಡುತ್ತಿತ್ತು. ಕಿಟಕಿಯ ಪಕ್ಕದಲ್ಲಿ ಗೋಡೆ ಬೀದಿಯ ಕಡೆಗೆ ಹೊಟ್ಟೆ ಬಿಟ್ಟಿತ್ತು. ಬೆಳಗ್ಗೆ ಅಲ್ಲಿ ಹೀಗಿರಲಿಲ್ಲ, ಖಂಡಿತ ಇರಲಿಲ್ಲ. ತಲೆ ಎತ್ತಿ ನೋಡಿದರೆ ಸೂರಿನ ಕೆಳಗೆ, ತೊಲೆಯ ತುದಿ ಗೋಡೆಯ ಮೇಲೆ ಕೂತಿರುವಲ್ಲಿ, ಕೈಬೆರಳು ಹೋಗುವಷ್ಟು ಬಾಯಿ ಬಿಟ್ಟುಕೊಂಡಿತ್ತು. ಇಡೀ ಹೆಂಚಿನ ಸೂರಿನ ಭಾರ ಆ ತೊಲೆಯ ಮೇಲೆ.

ಒಳಗಿನಿಂದ ಮಗುವೊಂದು ಕುಂಯ್‌ಗುಟ್ಟಿತು. ಸಾಂಬ್ರಾಣಿಯ ಹೊಗೆ ಕಿಟಕಿಯ ಸಂದಿಯಿಂದ ಎಳೆಯಾಗಿ ಹೊರಗೆ ಬಂತು.

ಈ ಗೋಡೆಯ ಆಚೆಗಿದ್ದದ್ದು ಬಾಣಂತಿ ಕೋಣೆ. ಕಿಟಕಿಗೆ ಗೋಣಿಚೀಲ ತುರುಕಿ, ಮೇಲೆ ಹಳೆಯ ಸೀರೆ ಕಟ್ಟಿದ್ದರು. ಭೀಮರಾಜನ ತಂಗಿ ಸುಶ್ಮಿತಾ ಹಸುಗೂಸನ್ನು ಮಗ್ಗುಲಲ್ಲಿ ಹಾಕಿಕೊಂಡು, ಇದೇ ಗೋಡೆಗೆ ಆನಿಸಿದ ಮಂಚದ ಮೇಲೆ ಮಲಗಿದ್ದಳು.

ಒಂದು ಗಳಿಗೆ, ಒಂದೇ ಒಂದು ಗಳಿಗೆ, ಪೈಪು ಸುತ್ತಿ ಗಾಡಿ ತಳ್ಳಿಕೊಂಡು ಹೊರಟುಬಿಡಲೇ ಎಂದು ಏಜಾಜನಿಗೆ ಅನ್ನಿಸಿತು. ಯಾರಿಗೆ ತಾನೇ ಗೊತ್ತಾಗುತ್ತದೆ? ಹಳೇ ಗೋಡೆ, ಬಿತ್ತು ಅಂದುಕೊಳ್ಳುತ್ತಾರೆ. ಥೂ ನಿನ್ನ, ಎಂದು ತನಗೆ ತಾನೇ ಬೈದುಕೊಂಡು ಮುಂಬಾಗಿಲಿಗೆ ಓಡಿದ.

"ಅಮ್ಮಾ! ಗಿರಿಯಮ್ಮಾ!"

ಗಿರಿಯಮ್ಮ ಕೈಯಲ್ಲಿ ಬೆಳ್ಳುಳ್ಳಿ ಸಿಪ್ಪೆಯ ಮೊರ ಹಿಡಿದುಕೊಂಡೇ ಬಂದಳು. ಗಂಡ ಓಬಳಯ್ಯ ತೀರಿಕೊಂಡ ಮೇಲೆ ಈ ಮನೆಯನ್ನು ತಾನೇ ನಡೆಸಿಕೊಂಡು ಬಂದವಳು. ಮಾತು ಕಡಿಮೆ, ಆಡಿದರೆ ಖಡಾಖಂಡಿತ.

"ಏನ್ ಸಾಬ್ರೆ, ಮುಗೀತಾ? ಕಾಫಿ ಕಾಯ್ಸ್ಲಾ?"

"ಕಾಫಿ ಬೇಡ ಅಮ್ಮ. ಆ ಕೋಣೆ ಒಂದ್ ಸ್ವಲ್ಪ ಹೊತ್ತು ಖಾಲಿ ಮಾಡ್ಸಿ. ಸುಶ್ಮಿತಾನ, ಮಗೂನ ಎದುರು ಮನೆಗೆ ಕಳಿಸಿ."

"ಯಾಕೆ?"

ಯಾಕೆ ಎಂದರೆ ಏನು ಹೇಳುವುದು? "ಗೋಡೆ... ನೆಂದಿದೆ ಅಮ್ಮ. ಒಣಗೋವರೆಗೆ."

ಗಿರಿಯಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಗೋಡೆ ನೆನೀದೆ ಇನ್ನೇನು? ನೀವು ನೀರ್ ಹೊಡುದ್ರೆ ನೆಂದೇ ನೆನೀತದೆ. ಬಾಣ್ತಿ ಹೊಸ್ಲು ದಾಟಂಗಿಲ್ಲ ಸಾಬ್ರೆ. ನಾಡಿದ್ದು ಶಾಸ್ತ್ರ ಆದ್ಮೇಲೇ ಅವ್ಳು ಆಚೆಗೆ ಬರೋದು."

"ಬರೀ ಎದುರು ಮನೆ ಅಮ್ಮ. ವನಜಮ್ಮನ ಮನೆ. ನಾಲ್ಕು ಹೆಜ್ಜೆ."

"ನಾಕು ಹೆಜ್ಜೆಲೇ ಗಾಳಿ ಬಡಿಯೋದು." ಅವಳ ದನಿ ತಗ್ಗಿತು. "ನಿಮಗ್ ಗೊತ್ತಿಲ್ಲ. ಹೋದ್ ಸಲ ಇವ್ಳು ಹೆತ್ತಾಗ ಕುಣಿಗಲ್ಲಾಗೆ ಹಿಂಗೇ ಮಾಡುದ್ರು. ಚಳಿಗಾಲದಾಗೆ ಎಳೇ ಬಾಣ್ತೀನ ಎತ್ಕಂಡು ಆಟೋದಾಗೆ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ. ಕಿವೀಗೆ ಹತ್ತಿನೂ ಇಡ್ಲಿಲ್ಲ. ಕೂಸು ಶೀತ ಹತ್ಕಂಡು ಈ ಕೈಯಾಗೇ ಹೋಯ್ತು. ಆವತ್ತೇ ದೇವ್ರಿಗೆ ಮಾತ್ ಕೊಟ್ಟೀನಿ. ಈ ಕೂಸ್ನ ಮಾತ್ರ ಗಾಳೀಗೆ ಬುಡಲ್ಲ ಅಂತ."

ಏಜಾಜನ ಮನೆಯಲ್ಲೂ ಅಷ್ಟೇ. ಹೆಂಡತಿ ಕುಲ್ಸುಂ ಬೀ ಹೆತ್ತಾಗ ನಲವತ್ತು ದಿನ ಬಾಗಿಲ ಪರದೆ ಸರಿಸುವುದಕ್ಕೂ ಅವನ ತಾಯಿ ಬಿಟ್ಟಿರಲಿಲ್ಲ. ಗಾಳಿಯ ಭಯ ಎಂಥದ್ದು ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅಷ್ಟರಲ್ಲಿ ಹೊರಗೆ ಏನೋ ದಪ್ಪೆಂದಿತು. ಹಿಂತಿರುಗಿ ನೋಡಿದರೆ ಸೊಂಟದೆತ್ತರದಿಂದ ತಟ್ಟೆಯಗಲದ ಗಾರೆ ಕಳಚಿ ಬಿದ್ದಿತ್ತು. ಅದು ಬಿಟ್ಟುಹೋದ ಜಾಗದಲ್ಲಿ ಗೋಡೆ ಗಾಯದ ಹಾಗೆ ಕೆಂಪಗೆ, ಒದ್ದೆಯಾಗಿ, ಹುಲ್ಲಿನ ಎಳೆಗಳನ್ನು ತೋರಿಸುತ್ತಿತ್ತು.

ಇನ್ನು ಮುಚ್ಚಿಡುವುದೇನು ಬಂತು. ಎರಡೂ ಕೈ ಮುಗಿದುಬಿಟ್ಟ.

"ಅಮ್ಮಾ, ತಪ್ಪು ನನ್ನದು. ಇದು ಮಣ್ಣಿನ ಗೋಡೆ ಅಂತ ನನಗೆ ಗೊತ್ತಾಗಲಿಲ್ಲ. ಬಿರುಕಲ್ಲಿ ನೀರು ಒಳಗೆ ಹೋಗಿಬಿಟ್ಟಿದೆ. ಗೋಡೆ ಬೀಳುತ್ತೆ ಅಮ್ಮ. ನಿಮ್ಮ ಕಾಲಿಗೆ ಬೀಳ್ತೀನಿ, ಅವರನ್ನ ಆಚೆ ಕರ್ಕೊಂಡು ಬನ್ನಿ."

ಗಿರಿಯಮ್ಮ ಹೊಸ್ತಿಲಲ್ಲೇ ನಿಂತು ಕತ್ತು ಚಾಚಿ ಗೋಡೆಯ ಕಡೆ ನೋಡಿದಳು. ಅಲ್ಲಿಂದ ಅವಳಿಗೆ ಕಂಡದ್ದು ಒಂದು ತಟ್ಟೆಯಷ್ಟು ಗಾರೆ ಹೋದದ್ದು ಮಾತ್ರ. ಮುಖ ಬಿಗಿಯಿತು.

"ಕಿತ್ತಾಕ್ಬುಟ್ರಾ? ಅದ್ಕೇ ಈ ನಾಟ್ಕಾನಾ? ಕೆಲ್ಸ ಕೆಡಿಸ್ಕಂಡು, ಅರ್ಧಕ್ಕೆ ಬುಟ್ಟು ಓಡೋಕೆ ನೆವ ಬೇಕಿತ್ತಾ?" ಅಂದಳು. "ನೋಡಿ ಸಾಬ್ರೆ, ಈ ಗೋಡೆ ನಮ್ಮೆಜಮಾನ್ರು ಅವರಪ್ಪನ ಜೊತೆ ತುಳ್ದು ಕಟ್ಟಿದ್ದು. ಆಗ ಅವ್ರಿಗೆ ಮೀಸೇನೂ ಬಂದಿರ್ಲಿಲ್ವಂತೆ. ಎಷ್ಟ್ ಮಳೆ ನೋಡೈತೆ ಇದು! ನಿಮ್ ಒಂದ್ ಪಿಚಕಾರಿಗೆ ಬಿದ್ದೋಯ್ತದಾ?"

"ಮಳೆ ಬೇರೆ ಅಮ್ಮ, ಇದು ಬೇರೆ..."

"ಭೀಮ ತುಮಕೂರಿಂದ ತೊಟ್ಲು ತಗಂಡು ಸಂಜೆ ರೈಲಿಗೆ ಬತ್ತಾನೆ. ಅವ್ನಿಗೇ ಹೇಳ್ಕಳಿ. ಬಾಗ್ಲು ತೆಗ್ದಿದ್ರೆ ಒಳಗ್ ಗಾಳಿ ನುಗ್ತದೆ."

ಬಾಗಿಲು ಮುಚ್ಚಿತು. ಒಳಗಿನಿಂದ ಚಿಲಕ ಬಿತ್ತು.

ಏಜಾಜ್ ಮುಚ್ಚಿದ ಬಾಗಿಲ ಮುಂದೆ ನಿಂತ. ಒದ್ದು ಒಳಗೆ ನುಗ್ಗಲೇ? ಬಾಣಂತಿ ಮಲಗಿರುವ ಕೋಣೆಗೆ, ಗಂಡಸರಿಲ್ಲದ ಮನೆಗೆ, ಬೀದಿಗೆ ಬೀದಿಯೇ ನೋಡುತ್ತಿರುವಾಗ? ಗೋಡೆಯ ಬಳಿಗೆ ಓಡಿ ತನ್ನ ಏಣಿಯನ್ನು ಉಬ್ಬಿದ ಜಾಗಕ್ಕೆ ಆನಿಸಿ, ಬುಡಕ್ಕೆ ಕಲ್ಲು ಕೊಟ್ಟು ನಿಲ್ಲಿಸಿದ. ಅವನೇ ಮಾಡಿದ ಕೆಸರಿನಲ್ಲಿ ಕಲ್ಲು ಜಾರಿತು, ಏಣಿಯೂ ಜಾರಿತು. ಮತ್ತೆ ನಿಲ್ಲಿಸಿದ, ಮತ್ತೆ ಜಾರಿತು. ಕೊನೆಗೆ ಬೆನ್ನು ಕೊಟ್ಟೇ ನಿಂತ. ಎಂಥ ಹುಚ್ಚು! ಗೋಡೆಯನ್ನು ಬೆನ್ನಿನಲ್ಲಿ ಹಿಡಿದು ನಿಲ್ಲಿಸುವವನು! ಆದರೆ ಹಾಗೆ ನಿಂತಾಗ ಗೋಡೆ ಸಣ್ಣಗೆ, ತೀರ ಸಣ್ಣಗೆ, ತನ್ನನ್ನು ಬೀದಿಯ ಕಡೆಗೆ ತಳ್ಳುತ್ತಿರುವುದು ಅವನಿಗೆ ತಿಳಿಯಿತು.

ಕಿಟಕಿಯ ಗೋಣಿಗೆ ಬಾಯಿ ಹಚ್ಚಿ ಕೂಗಿದ. "ತಂಗೀ! ಸುಶ್ಮಿತಾ! ಕೇಳಿಸ್ತಿದೆಯೇನಮ್ಮ?"

ಒಳಗಿನಿಂದ ಹೆದರಿದ ದನಿ ಬಂತು. "ಯಾರು? ಏಜಾಜಣ್ಣಾನಾ? ಅಣ್ಣಾ, ಮೇಲಿಂದ ಮಣ್ಣು ಉದುರ್ತಾ ಐತೆ. ಮಗೀನ ಮುಖದ್ ಮೇಲೆ ಬಿತ್ತು."

"ಎದ್ದು ಆಚೆ ಬಾರಮ್ಮ! ಮಗು ಎತ್ಕೊಂಡು ಬಂದ್ಬಿಡು!"

"ಅವ್ವಾ, ಮಣ್ಣು ಬೀಳ್ತಾ ಐತೆ ಕಣವ್ವಾ" ಎಂದು ಅವಳು ಒಳಗೆ ಹೇಳಿದ್ದು ಕೇಳಿಸಿತು. ಅದರ ಬೆನ್ನಿಗೇ ಗಿರಿಯಮ್ಮನ ದನಿ. "ಇಲಿ ಓಡಾಡ್ತಿರ್ಬೇಕು, ಸುಮ್ಕೆ ಮಲ್ಕಳೇ. ಕಿವಿ ಮುಚ್ಕೋ. ಆ ಸಾಬ್ರಿಗೆ ತಲೆ ಕೆಟ್ಟೈತೆ."

ಸೂರಿನ ಕೆಳಗಿನ ಬಾಯಿ ಇನ್ನಷ್ಟು ಅಗಲವಾಗಿತ್ತು. ತೊಲೆ ಕಿರ್ರೆಂದಿತು. ಒಂದು ಹೆಂಚು ಜಾರಿ ಬಂದು ಏಜಾಜನ ಭುಜದ ಪಕ್ಕದಲ್ಲೇ ಬಿದ್ದು ಚೂರಾಯಿತು. ಯಾ ಅಲ್ಲಾ, ನಾನೇನು ಮಾಡಲಿ, ಯಾವ ಮಾತಿಗೆ ಎದ್ದು ಬರುತ್ತಾರೆ ಇವರು, ಎಂದು ಅವನು ಒಳಗೊಳಗೇ ಅತ್ತುಬಿಟ್ಟ. ನಿಜವನ್ನು ಹೇಳಿ ಆಯಿತು. ಕೈ ಮುಗಿದೂ ಆಯಿತು.

ಆಗ ಬಾಯಿಗೆ ಬಂದದ್ದನ್ನು ಅವನು ಯೋಚಿಸಿ ಹೇಳಲಿಲ್ಲ.

"ಹಾವು!" ಎಂದು ಕಿರುಚಿದ. "ಹಾವು, ಅಮ್ಮಾ, ಹಾವು! ಬಿರುಕಿಂದ ಎದ್ದು ಸೂರಿಗೆ ಹೋಯ್ತು! ನಿಮ್ಮ ಕೋಣೆ ಒಳಗೇ ಇಳೀತು! ಮಂಚದ ಕಡೆಗೇ ಹೋಯ್ತು!"

ಒಳಗೆ ಏನೋ ಉರುಳಿ ಬಿದ್ದ ಸದ್ದು. "ಅಯ್ಯಯ್ಯೋ ನನ್ನಪ್ಪಾ!" ಚಿಲಕ ತೆಗೆದ ಸದ್ದು. ದೇವರಿಗೆ ಕೊಟ್ಟ ಮಾತು, ಗಾಳಿ, ಹೊಸ್ತಿಲು ಎಲ್ಲವೂ ಆ ಗಳಿಗೆಯಲ್ಲಿ ಎಲ್ಲಿ ಹೋದವೋ! ಗಿರಿಯಮ್ಮ ಕೂಸನ್ನು ಸೆರಗಿನಲ್ಲಿ ಸುತ್ತಿ ಎದೆಗವಚಿಕೊಂಡು ಬೀದಿಗೆ ಹಾರಿದಳು. ಅವಳ ಹಿಂದೆಯೇ ತಲೆಗೆ ಮಫ್ಲರು ಬಿಗಿದು, ಮೈಗೆ ಕಂಬಳಿ ಹೊದ್ದ ಸುಶ್ಮಿತಾ ಗೋಡೆ, ಬಾಗಿಲು ಹಿಡಿದುಕೊಂಡು ಬಂದಳು. ಇಷ್ಟು ದಿನ ಬೆಳಕು ಕಾಣದ ಕಣ್ಣು ಮಧ್ಯಾಹ್ನದ ಬಿಸಿಲಿಗೆ ತೆರೆಯಲಾರದೆ ಮುಚ್ಚಿಕೊಂಡವು. ಏಜಾಜ್ ಕೈ ಹಿಡಿಯಲು ಮುಂದಾದವನು ತಡೆದು, ಹಿಂದೆ ಸರಿದು, "ಹೋಗಮ್ಮ, ಬೇಗ ಹೋಗು, ಎದುರು ಮನೆ ಜಗಲಿಗೆ" ಎಂದು ದಾರಿ ಬಿಟ್ಟ.

ಅವರು ಬೀದಿ ದಾಟಿದರು. ವನಜಮ್ಮ ಓಡಿ ಬಂದು ಬಾಣಂತಿಯನ್ನು ತಬ್ಬಿ ಜಗಲಿಗೆ ಕೂರಿಸಿದಳು. ಏಜಾಜನ ಎದೆಯಿಂದ ಉಸಿರು ಹೊರಗೆ ಬಂತು. ಬಿದ್ದರೆ ಬೀಳಲಿ ಇನ್ನು. ಕುಣಿಗಲ್ಲಿನವರು ಬಂದು ನೋಡಿ ನಗಲಿ, ಭೀಮರಾಜ್ ಬಂದು ಕಪಾಳಕ್ಕೆ ಹೊಡೆಯಲಿ.

ಆದರೆ ಹಾವು ಎಂಬ ಮಾತಿಗೆ ಕಾಲು ಮೂಡಿತ್ತು.

"ಎಲ್ಲಿ, ಹುಳ ಎಲ್ಲಿ?" ಎಂದು ಕೇಳುತ್ತ ವನಜಮ್ಮನ ಗಂಡ ಕದರಯ್ಯ ಮನೆಯೊಳಗಿಂದ ಲುಂಗಿ ಎತ್ತಿ ಕಟ್ಟುತ್ತ ಬಂದ. ಊಟ ಮಾಡಿ ಮಲಗಿದ್ದವನು. ಆ ಬೀದಿಯಲ್ಲಿ ಹಾವು ಕಂಡರೆ ಅವನನ್ನೇ ಕರೆಯುತ್ತಿದ್ದರು, ಅದರಲ್ಲಿ ಅವನಿಗೆ ಒಂದು ಹೆಮ್ಮೆ. ಬಾಗಿಲ ಸಂದಿಯಿಂದ ಬಿದಿರು ಗಳವನ್ನು ತೆಗೆದುಕೊಂಡು ನೆಟ್ಟಗೆ ಎದುರು ಮನೆಗೆ ನಡೆದ.

"ಕದರಯ್ಯಣ್ಣಾ, ಬೇಡಿ! ಒಳಗೆ ಹೋಗ್ಬೇಡಿ!" ಏಜಾಜ್ ಅಡ್ಡ ಬಂದ.

"ನೀನ್ ಹೆದ್ರಬ್ಯಾಡ ಬುಡು ಸಾಬಿ. ನಾಗ್ರಾವಾ, ಕೇರೆನಾ? ಎಷ್ಟುದ್ದ ಇತ್ತು?"

"ಹಾವಿಲ್ಲ ಅಣ್ಣಾ! ಹಾವೇ ಇಲ್ಲ! ಗೋಡೆ ಬೀಳ್ತಿದೆ!"

"ಈಗ್ ತಾನೆ ಹಾವು ಅಂತ ಬಡ್ಕಂಡೆ? ಹೆದ್ರಿಕೆಗೆ ಬಾಯಿಗ್ ಬಂದಂಗ್ ಮಾತಾಡ್ತಾ ಅವ್ನೆ ನೋಡು." ಕದರಯ್ಯ ಅವನ ಕೈಯನ್ನು ತಳ್ಳಿ ಒಳಗೆ ಹೋಗಿಯೇಬಿಟ್ಟ. ಜಗಲಿಯ ಮೇಲಿಂದ ಗಿರಿಯಮ್ಮ ಕೂಗಿದಳು. "ಮಂಚದ ಕೆಳಗ್ ನೋಡಿ ಕದರಯ್ಯ! ಹಾಸ್ಗೆ ಒದರಿ ನೋಡಿ!"

ಮೂವರನ್ನು ಆಚೆ ತಂದ ಸುಳ್ಳು ನಾಲ್ಕನೆಯವನನ್ನು ಒಳಗೆ ಕಳಿಸಿತ್ತು. ಇನ್ನು ಬಾಣಂತಿ ಕೋಣೆ ಎಂದು ನೋಡುವ ಹೊತ್ತಾಗಿರಲಿಲ್ಲ. ಏಜಾಜ್ ಕೆಸರು ಬೂಟಿನಲ್ಲೇ ಹೊಸ್ತಿಲು ದಾಟಿ, ನಡುಮನೆ ದಾಟಿ, ಆ ಕೋಣೆಗೆ ನುಗ್ಗಿದ.

ಒಳಗೆ ಕತ್ತಲೆ, ಹೊಗೆ, ಬೆಳ್ಳುಳ್ಳಿಯ ವಾಸನೆ. ದಿಂಬಿನ ಪಕ್ಕದಲ್ಲಿ ಗಾಳಿ ಸೋಕದಿರಲೆಂದು ಇಟ್ಟ ಕುಡುಗೋಲು, ಹಗ್ಗಕ್ಕೆ ಹಾಕಿದ ಪುಟ್ಟ ಪುಟ್ಟ ಬಟ್ಟೆ. ಕದರಯ್ಯ ಮಂಚದ ಮೇಲೆ ನಿಂತುಕೊಂಡು ಬಿದಿರಿನ ಗಳದಿಂದ ತೊಲೆಯ ಸಂದಿಗೆ ತಿವಿಯುತ್ತಿದ್ದ. ತಿವಿದಲ್ಲೆಲ್ಲ ಮಣ್ಣು ಸುರಿಯುತ್ತಿತ್ತು.

"ಇಲ್ಲೇ ಎಲ್ಲೋ ಅದೆ. ಮಣ್ಣು ಹೆಂಗ್ ಬೀಳ್ತೈತೆ ನೋಡು" ಎಂದ.

"ಇಳೀರಿ!"

"ಏಯ್, ಸುಮ್ಕಿರ್ಲಾ..."

ಏಜಾಜ್ ಹಿಂದಿನಿಂದ ಅವನ ಸೊಂಟಕ್ಕೆ ತೆಕ್ಕೆ ಹಾಯ್ದ. ಕದರಯ್ಯ ಒದ್ದಾಡಿದ, ಬೈದ, ಮೊಣಕೈಯಿಂದ ಪಕ್ಕೆಗೆ ಗುದ್ದಿದ. ಏಜಾಜ್ ಬಿಡಲಿಲ್ಲ. ಮಂಚದಿಂದ ಎಳೆದು ಕೆಡವಿ, ದರದರ ಎಳೆದುಕೊಂಡು ನಡುಮನೆಗೆ ಬರುವಷ್ಟರಲ್ಲಿ ಹಿಂದೆ ತೊಲೆ ಒಮ್ಮೆ ಕಿರುಗುಟ್ಟಿ ಸುಮ್ಮನಾಯಿತು. ಆ ಸುಮ್ಮನಾದದ್ದಕ್ಕೆ ಕದರಯ್ಯನೂ ಬೈಯುವುದನ್ನು ನಿಲ್ಲಿಸಿದ. ಇಬ್ಬರೂ ಎದ್ದು ಬಿದ್ದು ಬೀದಿಗೆ ಓಡಿದರು.

ಅವರು ಬೀದಿಯ ಆಚೆ ಬದಿ ಮುಟ್ಟಿರಲಿಲ್ಲ, ತೊಳೆದು ಚೊಕ್ಕಟವಾಗಿದ್ದ ಸಿಮೆಂಟ್ ಗಾರೆ ಹಲಗೆಯ ಹಾಗೆ ಇಡಿಯಾಗಿ ಬೀದಿಗೆ ಮಗುಚಿತು. ಅದರ ಹಿಂದೆ ಕೆಂಪು ಮಣ್ಣು ಕುಸಿದು ಕೂತಿತು. ಆಮೇಲೆ ತೊಲೆ, ಜಂತೆ, ಹೆಂಚು. ಹೆಂಚುಗಳು ಬೀಳುತ್ತಲೇ ಇದ್ದವು, ಎಷ್ಟೋ ಹೊತ್ತು. ಎಲ್ಲ ನಿಂತ ಮೇಲೂ ಕೊನೆಯದೊಂದು ಉರುಳಿ ಬಂದು ಏಜಾಜನ ಗಾಡಿಯ ಚಕ್ರಕ್ಕೆ ತಾಗಿತು.

ಬಾಣಂತಿ ಕೋಣೆ ಬೀದಿಗೆ ತೆರೆದುಕೊಂಡಿತ್ತು. ಹಗ್ಗದ ಮೇಲಿನ ಪುಟ್ಟ ಬಟ್ಟೆಗಳು ಗಾಳಿಗೆ ಅಲ್ಲಾಡುತ್ತಿದ್ದವು.

ಗಿರಿಯಮ್ಮ ಕೂಸನ್ನು ಮಗಳ ಮಡಿಲಿಗೆ ಹಾಕಿ ಜಗಲಿಯಿಂದ ಇಳಿದು ಬಂದಳು. ಬಂದವಳೇ ಎರಡೂ ಕೈಯಿಂದ ಏಜಾಜನ ಎದೆಗೆ ಬಡಿಯತೊಡಗಿದಳು. "ಏನ್ ಮಾಡ್ಬುಟ್ರಿ ಸಾಬ್ರೆ! ಏನ್ ಮಾಡ್ಬುಟ್ರಿ! ನಮ್ಮೆಜಮಾನ್ರು ತುಳ್ದು ಕಟ್ಟಿದ್ ಗೋಡೆ! ನಾಡಿದ್ದು ಬರೋರ್ಗೆ ನಾನ್ ಎಲ್ಲಿ ಮಖ ತೋರ್ಸ್ಲಿ? ಯಾವ್ ಮನೇಲ್ ತೊಟ್ಲು ಕಟ್ಲಿ?" ಏಜಾಜ್ ತಪ್ಪಿಸಿಕೊಳ್ಳಲಿಲ್ಲ. ಹೊಡೆಯಲಿ, ಇನ್ನೂ ಹೊಡೆಯಲಿ ಎಂಬ ಹಾಗೆ ಕೈ ಇಳಿಬಿಟ್ಟುಕೊಂಡು ನಿಂತ.

ಹೊಡೆಯುತ್ತ ಹೊಡೆಯುತ್ತ ಅವಳ ಕಣ್ಣು ಅವನ ಭುಜದ ಮೇಲಿಂದ ಕೋಣೆಯ ಕಡೆಗೆ ಹೋಯಿತು. ಧೂಳು ತಿಳಿಯಾಗುತ್ತಿತ್ತು. ಮಂಚದ ಕಾಲು ನಾಲ್ಕೂ ನಾಲ್ಕು ದಿಕ್ಕಿಗೆ ಸೀಳಿಹೋಗಿದ್ದವು. ತೊಲೆ ಉದ್ದಕ್ಕೆ ಹಾಸಿಗೆಯ ಮೇಲೆ ಬಿದ್ದಿತ್ತು. ದಿಂಬು ಇದ್ದ ಜಾಗದಲ್ಲಿ ದಿಂಬು ಕಾಣುತ್ತಿರಲಿಲ್ಲ.

ಅವಳ ಕೈ ಅವನ ಎದೆಯ ಮೇಲೆಯೇ ನಿಂತವು.

ಆ ಕಡೆಯಿಂದ ಕಣ್ಣು ತೆಗೆಯದೆ ಕೇಳಿದಳು. "ಹುಳ?"

"ಇರಲಿಲ್ಲ ಅಮ್ಮ."

ಜಗಲಿಯಿಂದ ವನಜಮ್ಮ ಕೂಗಿದಳು. "ಅಯ್ಯೋ ಗಿರಿಯಕ್ಕಾ, ಇವ್ಳ್ನ ನೋಡು ಬಾ! ಬೀಳ್ತಾಳೆ ಕಣಕ್ಕಾ!" ಸುಶ್ಮಿತಾ ಬಿದ್ದ ಕೋಣೆಯನ್ನೇ ನೋಡುತ್ತಿದ್ದವಳು ಹಾಗೇ ಒಂದು ಪಕ್ಕಕ್ಕೆ ವಾಲುತ್ತಿದ್ದಳು. ಗಿರಿಯಮ್ಮ ಓಡಿದಳು, ಹಿಂದೆಯೇ ಏಜಾಜ್ ಓಡಿದ. ವನಜಮ್ಮ ಭುಜ ಹಿಡಿದಿದ್ದಳು, ತಲೆ ಹಿಡಿಯುವವರಿರಲಿಲ್ಲ, ಕೂಸು ಮಡಿಲಿನಿಂದ ಜಾರುತ್ತಿತ್ತು. ಕದರಯ್ಯ ನೀರು ತರಲು ಒಳಗೆ ಹೋಗಿದ್ದ. ಗಿರಿಯಮ್ಮ ಕೂಸನ್ನು ಎತ್ತಿಕೊಂಡು ಸುತ್ತ ನೋಡಿ, ಏಜಾಜನ ಕಡೆಗೆ ಚಾಚಿದಳು.

"ಹಿಡ್ಕಳಿ."

ಅವನು ಕೈ ಹಿಂದಕ್ಕೆ ಎಳೆದುಕೊಂಡ. ಗನ್ ಹಿಡಿದ ದಿನ ಸಂಜೆಯವರೆಗೂ ಅವನ ಕೈ ನಡುಗುತ್ತಲೇ ಇರುತ್ತಿತ್ತು. ಕುಲ್ಸುಂ ಬೀ ಟೀ ಲೋಟವನ್ನು ಅರ್ಧಕ್ಕಿಂತ ಹೆಚ್ಚು ತುಂಬಿಸುತ್ತಿರಲಿಲ್ಲ. ತನ್ನ ಮಕ್ಕಳು ಹಸುಗೂಸಾಗಿದ್ದಾಗ ಒಂದು ದಿನವೂ ಅವನ ಕೈಗೆ ಕೊಟ್ಟವಳಲ್ಲ.

"ಬೇಡ ಅಮ್ಮ. ಕೈಯೆಲ್ಲ ಕೆಸರು. ನನ್ನ ಕೈ ನಡುಗುತ್ತೆ, ಬೀಳಿಸಿಬಿಡ್ತೀನಿ."

"ಹಿಡ್ಕಳಿ ಅಂದೆ."

ಹಿಡಿದುಕೊಂಡ. ಗಿರಿಯಮ್ಮ ಮಗಳ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡು ಕದರಯ್ಯ ತಂದ ನೀರು ಚಿಮುಕಿಸತೊಡಗಿದಳು, ಇತ್ತ ತಿರುಗಿ ನೋಡಲಿಲ್ಲ. ಸುಶ್ಮಿತಾ ಸಣ್ಣಗೆ ನರಳಿ ಕಣ್ಣು ಬಿಟ್ಟಳು. ಕಾರ್ತೀಕದ ಗಾಳಿ ಬೀಸಿದಾಗ ಏಜಾಜ್ ಗಾಳಿಗೆ ಬೆನ್ನು ಮಾಡಿ ನಿಂತು, ತನ್ನ ಗಲ್ಲದಿಂದಲೇ ಬಟ್ಟೆಯನ್ನು ಕೂಸಿನ ಕಿವಿಯ ಮೇಲೆ ಸರಿಸಿದ. ಕೈ ನಡುಗುತ್ತಲೇ ಇತ್ತು. ಎಷ್ಟು ಬಿಗಿ ಹಿಡಿದರೂ ನಿಲ್ಲಲಿಲ್ಲ. ಕೂಸು ಮುಖ ಕಿವುಚಿ, ಅಳುವುದಕ್ಕೆ ಬಾಯಿ ತೆರೆಯಿತು. ಹಾಗೇ ಸ್ವಲ್ಪ ಹೊತ್ತು ಬಾಯಿ ತೆರೆದುಕೊಂಡೇ ಇದ್ದು, ಆಮೇಲೆ ಅದನ್ನು ಮುಚ್ಚಿ, ಆ ನಡುಗುವ ಕೈಗಳಲ್ಲೇ ನಿದ್ದೆ ಹೋಯಿತು.